ಬೇಗ ಬೆಳೆಯುವ ನಾಡಮರವೂ ಇದೆ, ಅದರ ಹೆಸರು ಬಳಂಜಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಕಾಫಿ ಬೆಳೆಗಾರರೊಬ್ಬರ ಪತ್ರ ಬಂದಿತ್ತು. ಮಳೆಗಾಲ ಶುರುವಾಗಿದೆ, ನೆರಳಿಗೆ ಯಾವ ಗಿಡ ಹಾಕುವುದು ಅನ್ನೋದು ಅವರ ಚಿಂತೆ. ಕೊನೆಗೆ ಅವರೇ ಒಂದು ತೀರ್ಮಾನಕ್ಕೂ ಬಂದಿದ್ದರು. ಕಾಡುಮರ ಹಾಕಿದರೆ ಅದರ ಲಾಭ ಮೊಮ್ಮಕ್ಕಳಿಗೆ, ನಮ್ಮ ಕಾಲದಲ್ಲೇ ನಾಲ್ಕು ಕಾಸು ಬೇಕು ಅಂದರೆ ಹೊರದೇಶದಿಂದ ಬಂದ ಸಿಲ್ವರ್ ಓಕ್ ಮರ ಒಂದೇ ಗತಿ ಅಂತ.

ನಾನು ಮದುವೆಯಾಗಿ ಸಕಲೇಶಪುರದ ಹಾನುಬಾಳು ಕಡೆಗೆ ಬಂದದ್ದು 1988ರಲ್ಲಿ. ಅವತ್ತಿನಿಂದ ಈ ಮಾತು ಕೇಳುತ್ತಲೇ ಇದ್ದೇನೆ. ಸಂತೆಯಲ್ಲಿ ಕೇಳಿದ್ದೇನೆ, ಮದುವೆ ಮನೆಯಲ್ಲಿ ಕೇಳಿದ್ದೇನೆ. ಅದು ಪೂರ್ತಿ ನಿಜವಲ್ಲ ಅಂತ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಅದಕ್ಕೆ ನನ್ನ ತೋಟದ ಲೆಕ್ಕವನ್ನೇ ಬರೆದು ಕಳಿಸುತ್ತಿದ್ದೇನೆ. ಪತ್ರ ಉದ್ದವಾಗಿದೆ. ದಯವಿಟ್ಟು ಜಾಗ ಕೊಡಿ.

ನಮ್ಮದು ಆರು ಎಕರೆ ತೋಟ. ನಾಲ್ಕು ಎಕರೆ ರೋಬಸ್ಟಾ ಕಾಫಿ, ಮೇಲಿನ ಎರಡು ಎಕರೆ ಅರೇಬಿಕಾ ಕಾಫಿ. ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ದೊಡ್ಡ ಬಳಂಜಿ ಮರ ಇತ್ತು. ಬೆಳಂಜಿ ಅಂತಲೂ ಕರೆಯುತ್ತಾರೆ, ಹಾವುಳಿಗೆ ಅನ್ನುವವರೂ ಇದ್ದಾರೆ. ನಮ್ಮ ಮಾವನವರು ಮಾತ್ರ ಅದನ್ನು ಜೇನುಮರ ಅನ್ನುತ್ತಿದ್ದರು. ಅದರ ಎತ್ತರದ ಕೊಂಬೆಗಳಲ್ಲಿ ಹೆಜ್ಜೇನು ಕಟ್ಟುತ್ತಿತ್ತು. ಒಂದು ವರ್ಷ ಒಂಬತ್ತು ಹುಟ್ಟು ಎಣಿಸಿದ್ದು ನನಗೆ ನೆನಪಿದೆ.

ಈ ಮರ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಕಾಡಿನ ಎಲ್ಲ ಮರಗಳಿಗಿಂತ ಮೇಲೆ ತಲೆ ಎತ್ತಿ ನಿಲ್ಲುವ ಮರ ಇದು. ಇತ್ತ ನಮ್ಮ ಘಟ್ಟ, ಅತ್ತ ಪೂರ್ವ ಹಿಮಾಲಯದ ತಪ್ಪಲು, ಎರಡೂ ಕಡೆ ಇದು ಸ್ವಂತ ಊರಿನದೇ. ಬೂದು ಬಣ್ಣದ ನೇರ ಕಾಂಡ. ದೊಡ್ಡ ಮರಕ್ಕೆ ಬುಡದಲ್ಲಿ ಹಲಗೆಯಂಥ ಬೇರು ಚಾಚಿರುತ್ತದೆ. ಎಲೆ ಉದ್ದದ ಗರಿ, ಆ ಗರಿಯಲ್ಲಿ ಸಣ್ಣ ಸಣ್ಣ ಎಲೆ. ಡಿಸೆಂಬರ್ ಹೊತ್ತಿಗೆ ಎಲೆ ಉದುರುತ್ತದೆ. ಜನವರಿ ಕೊನೆಯಿಂದ ಬೋಳು ಕೊಂಬೆಯ ತುಂಬ ಕೆಂಪು ಹೂವು. ಹೂವು ಮುಗಿಯುತ್ತಿದ್ದಂತೆ ಚಿಗುರು ಬರುತ್ತದಲ್ಲ, ಅದೂ ತಾಮ್ರದ ಕೆಂಪು. ಹಾಗಾಗಿ ವರ್ಷಕ್ಕೆ ಎರಡು ಸಲ ದೂರದ ಗುಡ್ಡದಿಂದಲೇ ಈ ಮರವನ್ನು ಗುರುತಿಸಬಹುದು.

ನಮ್ಮ ಮಾವನವರು ಜೇನು ಸಾಕುತ್ತಿದ್ದರು. ತುಡುವೆ ಜೇನು. ನಾನು ಬಂದಾಗ ಮನೆ ಸುತ್ತ 22 ಪೆಟ್ಟಿಗೆ ಇದ್ದವು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂತು. ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಹೆಚ್ಚುಕಡಿಮೆ ಗುಡಿಸಿಹಾಕಿದ ರೋಗ ಅದು. ಎರಿಯೊಳಗಿನ ಮರಿಹುಳು ಕೋಶ ಕಟ್ಟುವ ಮೊದಲೇ ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುತ್ತಿತ್ತು. ಮಾವನವರು ಬೆಳಿಗ್ಗೆ ಎದ್ದು ಒಂದೊಂದೇ ಪೆಟ್ಟಿಗೆ ತೆರೆದು ನೋಡಿ, ಮಾತಾಡದೆ ಮುಚ್ಚುತ್ತಿದ್ದರು. ಕೊನೆಗೆ ಉಳಿದದ್ದು ಒಂದು ಪೆಟ್ಟಿಗೆ. ಖಾಲಿಯಾದವನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದರು.

ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಕಾಡಿನಲ್ಲಿ ತುಡುವೆ ಮತ್ತೆ ಕಾಣಿಸತೊಡಗಿತು. ಅಟ್ಟದಿಂದ ಆರು ಪೆಟ್ಟಿಗೆ ಇಳಿಸಿ ನಾನೇ ಶುರು ಮಾಡಿದೆ. ಆದರೆ ಏನು ಮಾಡಿದರೂ ಜೇನು ನಿಲ್ಲುತ್ತಿರಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಸಕ್ಕರೆ ನೀರು ಇಟ್ಟರೂ ಸೊರಗುತ್ತಿತ್ತು. ಕೆಲವು ಪೆಟ್ಟಿಗೆ ಬಿಟ್ಟು ಹಾರಿಹೋಗುತ್ತಿತ್ತು. ಆಗ ಮಾವನವರು ಹೇಳಿದ್ದು ಒಂದೇ ಮಾತು. "ಮೊದಲು ತೋಟದಲ್ಲಿ ಬಳಂಜಿ ಇತ್ತು, ಹೊನ್ನೆ ಇತ್ತು, ನಂದಿ ಇತ್ತು. ಈಗ ಓಕ್ ಬಿಟ್ಟರೆ ಏನಿದೆಯಮ್ಮ? ಅವು ಏನು ತಿನ್ನಬೇಕು?"

ಸಿಲ್ವರ್ ಓಕ್ ಹೂವಿನಲ್ಲೂ ಮಕರಂದ ಇದೆ, ಜೇನು ಅದಕ್ಕೂ ಹೋಗುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಜಾತಿಯ ಮರ ಇದ್ದರೆ ಅದರ ಹೂವಿನ ಕಾಲ ಬಿಟ್ಟು ಉಳಿದ ದಿನ ಉಪವಾಸವೇ ಅಲ್ವಾ?

ಹೀಗೆ 2006ರ ಮೇ ತಿಂಗಳಲ್ಲಿ ಹಳ್ಳದ ದಂಡೆಯ ಮರದ ಕೆಳಗೆ ಬಿದ್ದಿದ್ದ ಕಾಯಿ ಆರಿಸಿ ತಂದೆ. ತೆಳ್ಳನೆ ಚಪ್ಪಟೆ ಕಾಯಿ, ಒಂದು ಅಂಚಿಗೆ ರೆಕ್ಕೆ ಇರುತ್ತದೆ. ಒಳಗೆ ಕಂದು ಬಣ್ಣದ ಸಣ್ಣ ಬೀಜ. ನೂರು ಬೀಜ ಎಣಿಸಿ ಮಡಿಗೆ ಹಾಕಿದೆ. ಒಂದೂವರೆ ತಿಂಗಳಾದರೂ ಹುಟ್ಟಿದ್ದು ಏಳು. ಬೀಜ ಜೊಳ್ಳು ಇರಬೇಕು ಅಂದುಕೊಂಡೆ. ತೋಟಗಳಿಗೆ ಸಲಹೆ ಕೊಡುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರು ನಮ್ಮ ಮನೆಗೆ ಕಾಫಿಗೆ ಬಂದಿದ್ದರು. ಅವರು ಒಂದು ಬೀಜವನ್ನು ಉಗುರಿನಲ್ಲಿ ಒತ್ತಿ ನೋಡಿ, ಸಿಪ್ಪೆ ಇಷ್ಟು ಗಟ್ಟಿ ಇದ್ದರೆ ನೀರು ಒಳಗೆ ಹೇಗೆ ಹೋಗುತ್ತದೆ ಅಂತ ಕೇಳಿದರು.

ಅವರು ಹೇಳಿಕೊಟ್ಟದ್ದು ಇದು. ನೀರು ಕುದಿಸಿ ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು ಬೀಜದ ಮೇಲೆ ಸುರಿಯಬೇಕು. ಅದೇ ನೀರಿನಲ್ಲಿ ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಊದಿಕೊಂಡ ಬೀಜ ಬಿತ್ತುವುದು. ಊದದೆ ಹಾಗೇ ಉಳಿದದ್ದನ್ನು ಉಗುರು ಕತ್ತರಿಸುವ ಕಟ್ಟರ್‌ನಿಂದ ಅಂಚಿಗೆ ಒಂಚೂರು ಕಚ್ಚಿ ಮತ್ತೆ ನೆನೆಹಾಕುವುದು. ಮೊಳಕೆ ಬರುವ ತುದಿಯನ್ನು ಮುಟ್ಟಬಾರದು, ಎದುರು ಬದಿಗೆ ಕಚ್ಚಬೇಕು. ಎರಡನೇ ಸಲ ಹೀಗೆ ಮಾಡಿದೆ. ಹತ್ತು ಹನ್ನೆರಡು ದಿನದಲ್ಲಿ ಮಡಿ ಹಸಿರಾಯಿತು.

2007ರ ಜೂನ್‌ನಲ್ಲಿ 40 ಗಿಡ ನೆಟ್ಟೆವು. ಅದೇ ವಾರ ನಮ್ಮ ಯಜಮಾನರು 200 ಸಿಲ್ವರ್ ಓಕ್ ಕೂಡ ಹಾಕಿದರು. ಹಾಗಾಗಿ ಒಂದೇ ಮಣ್ಣು, ಒಂದೇ ಮಳೆಯಲ್ಲಿ ಎರಡನ್ನೂ ಹೋಲಿಸಿ ನೋಡುವ ಅವಕಾಶ ನನಗೆ ಸಿಕ್ಕಿತು. ಪ್ರತಿ ಸಂಕ್ರಾಂತಿಯ ದಿನ ಬೆಳಿಗ್ಗೆ ಟೇಪು ಹಿಡಿದುಕೊಂಡು ಹೋಗಿ ಎದೆಮಟ್ಟದಲ್ಲಿ ಸುತ್ತಳತೆ ತೆಗೆದು ತೋಟದ ಡೈರಿಯಲ್ಲಿ ಬರೆದಿದ್ದೇನೆ.

ಎರಡನೇ ಸಂಕ್ರಾಂತಿಗೆ, ಅಂದರೆ 2009ರಲ್ಲಿ, ಚೆನ್ನಾಗಿ ಬಂದ ಬಳಂಜಿ 13 ಅಡಿ ಎತ್ತರ ಇತ್ತು. ಕಾಫಿ ಗಿಡದ ತಲೆ ದಾಟಿ ಹೋಗಿತ್ತು. 2025ರ ಸಂಕ್ರಾಂತಿಗೆ 31 ಬಳಂಜಿ ಉಳಿದಿದ್ದವು. ಅದರಲ್ಲಿ ದೊಡ್ಡದರ ಸುತ್ತಳತೆ 4 ಅಡಿ 8 ಇಂಚು. ಹೆಚ್ಚಿನವು ಮೂರೂವರೆಯಿಂದ ನಾಲ್ಕು ಅಡಿ. ಗೋಣಿ ಮರದ ದಟ್ಟ ನೆರಳಿನಲ್ಲಿ ಸಿಕ್ಕಿಕೊಂಡ ಮೂರು ಮರ ಮಾತ್ರ ಮೂರು ಅಡಿ ದಾಟಿಲ್ಲ. ಜೊತೆಗೆ ನೆಟ್ಟ ಸಿಲ್ವರ್ ಓಕ್‌ನಲ್ಲಿ ದೊಡ್ಡದು 3 ಅಡಿ 9 ಇಂಚು.

ಇದು ಒಂದು ತೋಟದ ಲೆಕ್ಕ. ಎಲ್ಲ ಕಡೆ ಹೀಗೇ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಾಡಮರ ಅಂದರೆ ನಿಧಾನ ಅನ್ನುವ ಮಾತಿಗೆ ಈ 31 ಮರ ಉತ್ತರ ಕೊಡುತ್ತವೆ. ಬೀಟೆ ನಿಧಾನ, ನಿಜ. ಹೊನ್ನೆಗೂ ತಾಳ್ಮೆ ಬೇಕು. ಬಳಂಜಿ ಹಾಗಲ್ಲ. ಕಾಡಿನಲ್ಲಿ ದೊಡ್ಡ ಮರ ಬಿದ್ದು ಬೆಳಕು ತೆರೆದುಕೊಂಡ ಜಾಗ ಸಿಕ್ಕರೆ ಓಡಿ ಮೇಲೇರುವ ಜಾತಿ ಇದು. ಅದಕ್ಕೇ ಅದಕ್ಕೆ ಬೆಳಕು ಬೇಕು. ನೆರಳಲ್ಲಿ ನೆಟ್ಟರೆ ನಮ್ಮ ಆ ಮೂರು ಮರದ ಹಾಗೆ ಕುಗ್ಗಿ ನಿಲ್ಲುತ್ತದೆ.

ಈಗ ಜೇನಿನ ವಿಷಯ. ನನಗೆ ಇದೇ ಮುಖ್ಯ.

ನೆಟ್ಟ ಒಂಬತ್ತನೇ ವರ್ಷ, 2016ರ ಫೆಬ್ರವರಿಯಲ್ಲಿ ನಾಲ್ಕು ಮರ ಮೊದಲ ಸಲ ಹೂ ಬಿಟ್ಟವು. ಮಾವನವರಿಗೆ ಆಗ 84 ವರ್ಷ. ಕುರ್ಚಿ ತರಿಸಿಕೊಂಡು ಮರದ ಕೆಳಗೆ ಕುಳಿತು, ಬಿದ್ದ ಹೂವನ್ನು ಬೆರಳಲ್ಲಿ ಹಿಸುಕಿ ನನಗೆ ತೋರಿಸಿದರು. ಬೆರಳು ಅಂಟು ಅಂಟು. ಮೇಲೆ ಗಿಳಿ, ಗೊರವಂಕ, ಕಾಜಾಣ, ಸೂರಕ್ಕಿ, ಕೆಂದಳಿಲು ಎಲ್ಲ ಸೇರಿ ಸಂತೆಯ ಹಾಗೆ ಗದ್ದಲ. ಬೆಳಗಾಗುವ ಮೊದಲೇ ಹೆಜ್ಜೇನಿನ ಮೊರೆತ ಕೇಳುತ್ತಿತ್ತು.

ಈ ಹೂವು ಬರುವ ಕಾಲವನ್ನು ಕಾಫಿ ಬೆಳೆಗಾರರು ಗಮನಿಸಬೇಕು. ನಮ್ಮಲ್ಲಿ ಕಾಫಿ ಹೂವು ಮಾರ್ಚ್, ಏಪ್ರಿಲ್‌ನಲ್ಲಿ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಬಿಳಿಯಾಗುತ್ತದೆ. ಎರಡು ಮೂರು ದಿನ ಅಷ್ಟೇ, ಆಮೇಲೆ ಮುಗಿಯಿತು. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಗಾಳಿ ಒಂದಿಷ್ಟು ತರುತ್ತದೆ, ಉಳಿದದ್ದು ಜೇನು ತರಬೇಕು. ಆ ಎರಡು ಮೂರು ದಿನ ತೋಟದಲ್ಲಿ ಎಷ್ಟು ಜೇನು ಇದೆ ಅನ್ನುವುದು ಕಾಯಿ ಕಚ್ಚುವುದಕ್ಕೆ ಲೆಕ್ಕಕ್ಕೆ ಬರುತ್ತದೆ.

ಹೂವು ಬಂದ ದಿನ ಪೆಟ್ಟಿಗೆ ತಂದಿಟ್ಟರೆ ಆಯಿತು ಅಂದುಕೊಂಡವರಿದ್ದಾರೆ. ಪೆಟ್ಟಿಗೆಯಲ್ಲಿ ಜೇನುನೊಣ ಇರಬೇಕಲ್ಲ? ರಾಣಿ ಇಟ್ಟ ಮೊಟ್ಟೆ ನೊಣವಾಗಿ ಹೊರಬರಲು ಸುಮಾರು 20 ದಿನ. ಹೊರಬಂದ ನೊಣ ಮೊದಲ ಎರಡು ಮೂರು ವಾರ ಗೂಡಿನೊಳಗಿನ ಕೆಲಸ ಮಾಡುತ್ತದೆ. ಆಮೇಲೆ ಹೂವಿಗೆ ಹೋಗುತ್ತದೆ. ಅಂದರೆ ಮಾರ್ಚ್ ಮಧ್ಯದಲ್ಲಿ ಕಾಫಿ ಹೂವಿಗೆ ಹೋಗುವ ನೊಣ ಫೆಬ್ರವರಿ ಮೊದಲ ವಾರದಲ್ಲಿ ಮೊಟ್ಟೆಯಾಗಿರಬೇಕು. ಮೇವು ಇಲ್ಲದಾಗ ರಾಣಿ ಮೊಟ್ಟೆ ಇಡುವುದು ಕಡಿಮೆ ಮಾಡುತ್ತದೆ. ಜನವರಿ ಕೊನೆ, ಫೆಬ್ರವರಿಯಲ್ಲಿ ಮೇವು ಕೊಡುವ ಮರ ತೋಟದಲ್ಲಿದ್ದರೆ ಕಾಫಿ ಹೂವಿನ ಹೊತ್ತಿಗೆ ಪೆಟ್ಟಿಗೆ ತುಂಬಿರುತ್ತದೆ. ಬಳಂಜಿ ಹೂ ಬಿಡುವುದು ಆಗಲೇ.

2016ಕ್ಕೆ ಮೊದಲು ನಾನು ಜನವರಿಯಲ್ಲಿ ವಾರಕ್ಕೆ ಎರಡು ಸಲ ಸಕ್ಕರೆ ನೀರು ಇಡುತ್ತಿದ್ದೆ. ಈಗ ಮಳೆಗಾಲ ಬಿಟ್ಟರೆ ಇಡುವುದೇ ಇಲ್ಲ. ಆರು ಇದ್ದ ಪೆಟ್ಟಿಗೆ ಈಗ 17 ಆಗಿವೆ. ಒಂದನ್ನೂ ದುಡ್ಡು ಕೊಟ್ಟು ತಂದಿಲ್ಲ, ಎಲ್ಲ ನಮ್ಮಲ್ಲೇ ಪಾಲು ಮಾಡಿದ್ದು. ಫೆಬ್ರವರಿ ಕೊನೆಗೆ ಸಂಸಾರ ಕೋಣೆಯ ಎರಿಗಳಲ್ಲಿ ಮೊಟ್ಟೆ, ಮರಿ ತುಂಬಿರುತ್ತದೆ, ಮೇಲಿನ ಕೋಣೆಯಲ್ಲಿ ಜೇನುತುಪ್ಪ ಕೂರಲು ಶುರುವಾಗಿರುತ್ತದೆ. ಅದನ್ನು ನಾನು ತೆಗೆಯುವುದಿಲ್ಲ. ಅದು ಅವುಗಳ ಪಾಲು. ಕಾಫಿ, ಆಮೇಲೆ ಕಾಡಿನ ಹೂವು ಎಲ್ಲ ಮುಗಿದ ಮೇಲೆ ಏಪ್ರಿಲ್, ಮೇಯಲ್ಲಿ ತೆಗೆಯುತ್ತೇನೆ. ಹಾಗಾಗಿ ಬಳಂಜಿಯ ಜೇನುತುಪ್ಪ ಅಂತ ಬೇರೆ ಬಾಟಲಿ ತುಂಬಿ ಮಾರಲು ನನ್ನ ಹತ್ತಿರ ಇಲ್ಲ. ಮರ ನನಗೆ ಕೊಡುವುದು ನೊಣ. ನೊಣ ಕೊಡುವುದು ಕಾಫಿ ಮತ್ತು ತುಪ್ಪ.

ನೆರಳಿನ ಬಗ್ಗೆ ಪ್ರಶ್ನೆ ಬರುತ್ತದೆ. ಬೇಸಿಗೆಯಲ್ಲಿ ಬೋಳಾಗುವ ಮರ ನೆರಳಿಗೆ ಹೇಗಾಗುತ್ತದೆ ಅಂತ. ಸರಿಯಾದ ಪ್ರಶ್ನೆ. ಅದಕ್ಕೇ ತೋಟದ ತುಂಬ ಬಳಂಜಿ ಒಂದೇ ಹಾಕಬಾರದು. ನಮ್ಮಲ್ಲಿ ಕೆಳಗೆ ಹಾಲುವಾಣ, ನಡುವೆ ಅತ್ತಿ, ಬಸರಿ, ಗೋಣಿ, ಮೇಲೆ ಬಳಂಜಿ. ಬಳಂಜಿ ಬೋಳಾದಾಗ ನಡುವಿನ ಮರಗಳು ಬಿಸಿಲು ತಡೆಯುತ್ತವೆ. ಅರೇಬಿಕಾ ಬೆಳೆಯುವವರಿಗೆ ಕಾಫಿ ಗಿಡದ ಕಾಂಡ ಕೊರೆಯುವ ದುಂಬಿ, ಬಿಳಿ ಕಾಂಡಕೊರಕದ ಭಯ ಇದ್ದೇ ಇರುತ್ತದೆ. ಬಿಸಿಲು ಬಿದ್ದ ಕಾಂಡ ಹುಡುಕಿಕೊಂಡು ಅದು ಮೊಟ್ಟೆ ಇಡುತ್ತದೆ. ದುಂಬಿ ಹಾರುವುದು ಏಪ್ರಿಲ್‌ನಿಂದ, ಮತ್ತೆ ಮಳೆ ಮುಗಿದ ಮೇಲೆ. ಏಪ್ರಿಲ್‌ಗೆ ಬಳಂಜಿಯ ಚಿಗುರು ಬಲಿತು ಕೊಡೆ ಹಿಡಿದಿರುತ್ತದೆ.

ಆ ನೆರಳು ಕಪ್ಪು ನೆರಳಲ್ಲ. ಸಣ್ಣ ಎಲೆಗಳ ಸಂದಿನಿಂದ ಬೆಳಕು ಸೋರಿ ಚುಕ್ಕೆ ಚುಕ್ಕೆ ಬೀಳುತ್ತದೆ. ಕೆಳಗಿನ ಕೊಂಬೆಗಳನ್ನು ಮರ ತಾನೇ ಉದುರಿಸಿಕೊಳ್ಳುತ್ತದೆ. ಹಾಗಾಗಿ ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರಲು, ಹತ್ತುವ ಕೆಲಸ ಕಡಿಮೆ. ಈಗ ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕರೂ ಅವರ ಜೀವಕ್ಕೆ ಅಪಾಯ. ಹೋದ ವರ್ಷ ಪಕ್ಕದ ಊರಿನ ಹುಡುಗ ಮರಗಸಿ ಮಾಡುವಾಗ ಬಿದ್ದು ಸೊಂಟ ಮುರಿದುಕೊಂಡ. ಎರಡು ಪುಟ್ಟ ಮಕ್ಕಳಿದ್ದಾರೆ ಅವನಿಗೆ. ಹತ್ತಬೇಕಾದ ಮರ ಒಂದು ಕಡಿಮೆಯಾದರೂ ನನಗೆ ಸಮಾಧಾನ.

ಉದುರಿದ ಎಲೆ ಮುಂದಿನ ಮಳೆಗಾಲದೊಳಗೆ ಮಣ್ಣಾಗಿರುತ್ತದೆ. ಸಿಲ್ವರ್ ಓಕ್‌ನ ತೊಗಲಿನಂಥ ಎಲೆ ಕೆದಕಿ ನೋಡಿ, ಹೋದ ವರ್ಷದ್ದು ಹಾಗೇ ಸಿಗುತ್ತದೆ.

ಮರದ ಮೌಲ್ಯದ ಬಗ್ಗೆ. 2019ರ ಆಗಸ್ಟ್ ಮಳೆ ಮಲೆನಾಡಿನವರು ಮರೆಯುವುದಿಲ್ಲ. ಆ ಮಳೆಯಲ್ಲಿ ಹಳ್ಳ ದಂಡೆ ಕೊರೆದು ನಮ್ಮ ತಾಯಿಮರ ಬಿತ್ತು. ಸುತ್ತಳತೆ 9 ಅಡಿ. ಬಿದ್ದ ಸದ್ದಿಗೆ ಮನೆಯ ಕಿಟಕಿ ನಡುಗಿತು. ಮಾವನವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅವರಿಲ್ಲದಿದ್ದದ್ದು ಒಳ್ಳೆಯದೇ ಆಯಿತು ಅನ್ನಿಸಿತು ಆ ದಿನ.

ಬಿದ್ದ ಮರ ಕೊಯ್ಯಲು, ಸಾಗಿಸಲು ಅನುಮತಿಗೆ ಅರ್ಜಿ ಹಾಕಿದೆವು. ಕಚೇರಿಗೆ ಅಲೆದದ್ದು ಏಳು ತಿಂಗಳು. ಒಮ್ಮೆ ಪಹಣಿ ಸರಿ ಇಲ್ಲ, ಒಮ್ಮೆ ನಕ್ಷೆ ಬೇಕು, ಒಮ್ಮೆ ಸ್ಥಳ ನೋಡುವವರು ರಜೆ. ಅಷ್ಟರಲ್ಲಿ ನಾಟಾ ಮಳೆಯಲ್ಲಿ ನೆಂದು ಬಿಸಿಲಲ್ಲಿ ಒಣಗಿ, ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳು ಬಿದ್ದಿತ್ತು. ಮೂರನೇ ಒಂದು ಪಾಲು ಸೌದೆಗೆ ಹೋಯಿತು.

ಉಳಿದ ಚೇಗನ್ನು, ಅಂದರೆ ಒಳಗಿನ ಗಟ್ಟಿ ತಿರುಳನ್ನು, ಸಾಮಿಲ್‌ನಲ್ಲಿ ಹಲಗೆ ಕೊಯ್ಸಿದೆವು. ಒಳಗೆ ಕೆಂಪು ಮಿಶ್ರಿತ ಕಂದು ಬಣ್ಣ, ನಡುನಡುವೆ ಕಪ್ಪು ಗೆರೆ. ತೂಕದಲ್ಲಿ ತೇಗಕ್ಕೆ ಹತ್ತಿರ. ಬೇಗ ಬೆಳೆಯುವ ಮರ ಮೆದು ಇರುತ್ತದೆ ಅಂದುಕೊಂಡಿದ್ದ ನಮ್ಮ ಬಡಗಿ ಉಳಿ ಹಾಕಿ ನೋಡಿ, ಇದು ಗಟ್ಟಿ ಮರವೇ ಅಂದ. ಹಲಗೆಗಳ ನಡುವೆ ರೀಪು ಇಟ್ಟು ಒಂದು ವರ್ಷ ಕಣದ ಕೊಟ್ಟಿಗೆಯಲ್ಲಿ ಒಣಗಿಸಿದೆವು. ಆಮೇಲೆ ಎರಡು ಮಂಚ, ಒಂದು ಊಟದ ಮೇಜು, ಒಳಮನೆಯ ಮೂರು ಬಾಗಿಲು ಆಯಿತು. ಈ ಪತ್ರ ಬರೆಯುತ್ತಿರುವುದು ಅದೇ ಮೇಜಿನ ಮೇಲೆ. ಹಿಂದೆ ಚಹಾ ತೋಟದವರು ಚಹಾ ತುಂಬುವ ಪೆಟ್ಟಿಗೆಗೆ ಈ ಮರ ಬಳಸುತ್ತಿದ್ದರು. ತೆಳು ಹಲಗೆ ಸೀಳಿ ಮಾಡಿಗೆ ಹೆಂಚಿನ ಬದಲು ಹೊದಿಸುತ್ತಿದ್ದರಿಂದ ಇಂಗ್ಲಿಷಿನಲ್ಲಿ ಶಿಂಗಲ್ ಟ್ರೀ ಅನ್ನುವ ಹೆಸರೂ ಇದಕ್ಕಿದೆ.

ಆದರೆ ನೆಲಕ್ಕೆ ಹುಗಿಯುವ ಕಂಬಕ್ಕೆ ಇದು ಆಗುವುದಿಲ್ಲ. ನಾವು ಬೇಲಿಗೆ ಹಾಕಿದ ನಾಲ್ಕು ಕಂಬ ಮೂರನೇ ವರ್ಷಕ್ಕೆ ಗೆದ್ದಲಿನ ಪಾಲಾಯಿತು. ಮನೆಯ ಒಳಗಿನ ಕೆಲಸಕ್ಕೆ ಒಳ್ಳೆಯದು, ಮಳೆಗೆ ಒಡ್ಡುವ ಕೆಲಸಕ್ಕೆ ಬೇಡ.

ಇನ್ನೂ ಕೆಲವು ತೊಡಕು ಇವೆ, ಅದನ್ನೂ ಹೇಳಬೇಕು. ಜೋರು ಗಾಳಿಗೆ ಕೊಂಬೆ ಮುರಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ನೆಟ್ಟ ಐದು ಗಿಡ ನಮಗೆ ಉಳಿಯಲಿಲ್ಲ. ಮನೆ, ಕೆಲಸದವರ ಲೈನ್ ಮನೆ, ಕರೆಂಟು ತಂತಿಯ ಹತ್ತಿರ ನೆಡಲೇಬೇಡಿ, ಬಹಳ ಎತ್ತರ ಹೋಗುವ ಮರ. 30 ಅಡಿ ಅಂತರ ಬೇಕು. ಮೆಣಸು ಹಬ್ಬಿಸಲು ನನಗೆ ಸಿಲ್ವರ್ ಓಕ್ ಮರವೇ ಸುಲಭ ಅನ್ನಿಸಿದೆ. ಕಾಯಿ ನೋಡಿದರೆ ಹಾಲುವಾಣದ ಬಳಗದ್ದು ಅನ್ನಿಸುತ್ತದೆ, ಆದರೆ ಅದರ ಹಾಗೆ ಬೇರಿನಲ್ಲಿ ಗಂಟು ಕಟ್ಟಿ ಮಣ್ಣಿಗೆ ಸಾರಜನಕ ಸೇರಿಸುವ ಮರ ಇದಲ್ಲ. ಇನ್ನು ಬಯಲುಸೀಮೆಯವರಿಗೆ ಇದು ಹೊಂದುವುದಿಲ್ಲ. ಮಳೆ, ತಂಪು ಎರಡೂ ಬೇಕು. ಅಲ್ಲಿ ಹೊಂಗೆ, ಬೇವು, ಹುಣಸೆ ಇವೆ. ಜೇನಿಗೂ ನೆರಳಿಗೂ ಹೊಂಗೆಯಂಥ ಮರ ಇನ್ನೊಂದಿಲ್ಲ.

ಸಿಲ್ವರ್ ಓಕ್ ಕಡಿದುಹಾಕಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಅದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಡೆಯ ಮರ. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದಲ್ಲಿ ಇಲ್ಲಿಗೆ ಬಂತು. ನಮ್ಮ ಮಗಳ ಕಾಲೇಜು ಫೀಸು ಕಟ್ಟಿದ್ದು ಅದನ್ನು ಮಾರಿಯೇ. ಆದರೆ ಅದು ಇಷ್ಟು ಹಬ್ಬಿದ್ದಕ್ಕೆ ಬೇಗ ಬೆಳೆಯುತ್ತದೆ ಅನ್ನುವುದೊಂದೇ ಕಾರಣ ಅಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲ. ಬೇಕಾದಾಗ ಕಡಿದು ಮಾರಬಹುದು. ನಾಡಮರ ನೆಟ್ಟವರು ಅರ್ಜಿ ಹಿಡಿದು ಅಲೆಯಬೇಕು. ಕಾಡು ಉಳಿಯಲಿ ಅಂತ ಮಾಡಿದ ನಿಯಮ, ಅದು ಬೇಕು, ನಾನೂ ಒಪ್ಪುತ್ತೇನೆ. ತಾನಾಗಿ ಬೆಳೆದ ಹಳೆ ಮರಕ್ಕೆ ಕಾವಲು ಇರಲೇಬೇಕು. ಆದರೆ ನಾನೇ ಬೀಜ ಹಾಕಿ, ನಾನೇ ನೀರು ಹೊಯ್ದು, ವರ್ಷ ವರ್ಷ ಅಳತೆ ಬರೆದಿಟ್ಟ ಮರಕ್ಕೂ ಅದೇ ಅಲೆದಾಟ ಅಂದರೆ ರೈತ ಏನು ಮಾಡುತ್ತಾನೆ? ಬಳಂಜಿ ಸಸಿ ಮೊಳೆತದ್ದು ಕಂಡರೆ ಕಳೆ ತೆಗೆಯುವಾಗಲೇ ಕಿತ್ತು ಬಿಸಾಡುತ್ತಾನೆ. ಹಾಗೆ ಕೀಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ರೈತ ನೆಟ್ಟ ದಿನವೇ ಅದನ್ನು ದಾಖಲು ಮಾಡಿಕೊಳ್ಳಿ. ಪಹಣಿಯಲ್ಲಿ ಬರೆಯಿರಿ, ಫೋಟೊ ತೆಗೆಯಿರಿ, ಮರದ ಲೆಕ್ಕ ಇಡಿ. ಹಾಗೆ ದಾಖಲಾದ ನೆಟ್ಟ ಮರಕ್ಕೆ ಸಿಲ್ವರ್ ಓಕ್‌ಗೆ ಇರುವಷ್ಟೇ ಸಲೀಸು ಇರಲಿ. ಬಿದ್ದ ಮರದ ಅರ್ಜಿಗೆ ಮಳೆಗಾಲ ಮುಗಿಯುವುದರೊಳಗೆ ಉತ್ತರ ಕೊಡಿ.

ಇನ್ನೊಂದು, ಸಸಿ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಕಡಿಮೆ ದರಕ್ಕೆ ಸಿಗುತ್ತದೆ. ಬದುಕಿದ ಗಿಡಕ್ಕೆ ಮೂರು ವರ್ಷ ಹಣವನ್ನೂ ಕೊಡುತ್ತಾರೆ. ಒಳ್ಳೆಯ ಯೋಜನೆ. ಆದರೆ ನಾನು ಕಳೆದ ಮೂರು ವರ್ಷದಿಂದ ಬಳಂಜಿ ಸಸಿ ಕೇಳುತ್ತಿದ್ದೇನೆ, ಸಿಕ್ಕಿಲ್ಲ. ಒಂದು ಖಾಸಗಿ ನರ್ಸರಿಯಲ್ಲಿ ಬಳಂಜಿ ಅಂತ ಚೀಟಿ ಹಚ್ಚಿ ಕೊಟ್ಟ 20 ಗಿಡ ಎರಡು ವರ್ಷ ಬೆಳೆದ ಮೇಲೆ ಬೇರೆ ಯಾವುದೋ ಮರ ಅಂತ ಗೊತ್ತಾಯಿತು. ಎರಡು ಮಳೆಗಾಲ ಹೋಯಿತು ನನಗೆ.

ನಮ್ಮ ಅಕ್ಕನ ಮಗ ಕೆಲಸದ ಮೇಲೆ ನೈರೋಬಿಯಲ್ಲಿದ್ದಾನೆ. ಹೋದ ವರ್ಷ ಅಲ್ಲಿನ ಕಾಫಿ ತೋಟಕ್ಕೆ ಹೋದವನು ಒಂದು ಫೋಟೊ ಕಳಿಸಿ, "ಚಿಕ್ಕಮ್ಮ, ಇದು ನಮ್ಮ ಮರ ಅಲ್ವಾ?" ಅಂತ ಕೇಳಿದ್ದ. ಬಳಂಜಿಯೇ. ಕೀನ್ಯಾ, ಉಗಾಂಡಾ, ಟಾಂಜಾನಿಯಾದಲ್ಲಿ ರೈತರು ಇದನ್ನು ನೆರಳಿಗೆ, ನಾಟಾಕ್ಕೆ, ಜೇನಿಗೆ ಅಂತ ನೆಡುತ್ತಾರೆ. ಮೆಕ್ಸಿಕೊದಲ್ಲೂ ಕಾಫಿ ನಡುವೆ ಬೆಳೆಸುತ್ತಾರೆ, ಅಲ್ಲಿ ಅದಕ್ಕೆ ಗುಲಾಬಿ ದೇವದಾರು ಅನ್ನುವ ಅರ್ಥದ ಹೆಸರು. ನಮ್ಮ ಘಟ್ಟದ ಮರದ ಬೀಜ ಅಷ್ಟು ದೂರ ಹೋಗಿ ಬೇರೂರಿದೆ. ಸಕಲೇಶಪುರದಲ್ಲಿ ಸಸಿ ಸಿಗುವುದಿಲ್ಲ ಅಂದರೆ ನನಗೆ ತುಂಬ ಬೇಸರವಾಗುತ್ತದೆ.

ಹಾಗಂತ ಕಾಯುತ್ತ ಕೂರಲಿಲ್ಲ. ಹೋದ ಡಿಸೆಂಬರ್‌ನಲ್ಲಿ ನಮ್ಮ ಮರಗಳದ್ದೇ ಬೀಜ ಬಿತ್ತಿದೆ. ಈಗ ಕಣದ ಪಕ್ಕ ಪಾಕೆಟ್‌ನಲ್ಲಿ 340 ಸಸಿ ಇವೆ, ಒಂದೂವರೆ ಅಡಿ ಎತ್ತರ ಬಂದಿವೆ. ನಮ್ಮ ಹೋಬಳಿಯ ಶಾಲೆಗೆ 20, ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ 100 ಅಂತ ತೆಗೆದಿಟ್ಟಿದ್ದೇನೆ. ಉಳಿದದ್ದು ಕೇಳಿದವರಿಗೆ. ದುಡ್ಡು ಬೇಡ. ಕಳೆದ ವಾರ ಪತ್ರ ಬರೆದ ಬೆಳೆಗಾರರು ಬಂದರೆ ಮೊದಲು ಅವರಿಗೇ ಕೊಡುತ್ತೇನೆ.

ಮೂರು ತಿಂಗಳ ಹಿಂದೆ ಕಟ್ಟಿದ ಕಾಯಿ ಈಗ ಬಲಿತು ಉದುರುತ್ತಿದೆ. ಬೀಜವೂ ಬೇಕಾದಷ್ಟಿದೆ. ತೆಗೆದುಕೊಂಡು ಹೋಗುವವರು ಬಿತ್ತುವ ಮೊದಲು ಬಿಸಿನೀರಿನಲ್ಲಿ ನೆನೆಸುವುದನ್ನು ಮರೆಯಬೇಡಿ. ನಾಟಿಗೆ ಆರಿದ್ರಾ ಮಳೆ ಸರಿಯಾದ ಕಾಲ. ಗುಂಡಿ ಬಿಸಿಲು ಬೀಳುವ ಕಡೆ ತೆಗೆಯಿರಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ
ಹಾನುಬಾಳು ಹೋಬಳಿ, ಸಕಲೇಶಪುರ ತಾಲ್ಲೂಕು